ಈಶಪ್ಪನ ವಯಸ್ಸು

ತಾಂಡೂರು
ಶನಿವಾರ, ೨೩–೧–೧೯೮೮
ಬೆಳಗಿನ ಜಾವ ಮೂರೂವರೆ

ಪ್ರೀತಿಯ ಉಮಾ,

ಧಪ್ ಎಂಬ ಸದ್ದಿಗೆ ಎಚ್ಚರವಾಯಿತು. ತುಸು ತಡೆದು ಮತ್ತೆ ಧಪ್. ಕೂಸು ಮಂಚದಿಂದ ಬಿತ್ತೇನೋ ಎಂದು ಕೈಯಾಡಿಸಿದೆ. ಇಲ್ಲ, ಅದು ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಪಕ್ಕದಲ್ಲೇ ಇತ್ತು. ಕಿಟಕಿ ತೆರೆದರೆ ಅಂಗಳದಲ್ಲಿ ನನ್ನ ತಮ್ಮ ಈಶಪ್ಪ. ಕಂಪೌಂಡಿಗೆ ಸಾಲಾಗಿ ನೆಟ್ಟ ಫರಸಿಕಲ್ಲಿನ ಚಪ್ಪಡಿಗೆ ಚೆಂಡು ಒಗೆದು, ತಿರುಗಿ ಬಂದದ್ದನ್ನು ಕತ್ತಲಲ್ಲೇ ಹಿಡಿಯುತ್ತಿದ್ದ.

"ಏ ಈಶ್ಯಾ, ಈ ಹೊತ್ನಾಗ ಏನದು?" ಎಂದೆ.

"ನಿದ್ದಿ ಬರವಲ್ದು ಅಕ್ಕಾ. ನೀ ಮಕ್ಕೋ."

ಒಳಗಿನಿಂದ ನಮ್ಮತ್ತೆ ಬಾಳಮ್ಮನವರ ದನಿ ಬಂತು. "ಅಕ್ಕಗ ಕೂಸಿನ ಚಿಂತಿ, ತಮ್ಮಗ ಚೆಂಡಿನ ಚಿಂತಿ. ನಡುವ ನನ್ನ ನಿದ್ದಿ ಹೋತು. ಇಬ್ರನ್ನೂ ಒಂದೇ ತೊಟ್ಟಿಲದಾಗ ಹಾಕಿ ತೂಗಬೇಕು ನೋಡು."

ಮಲಗಿದರೂ ನಿದ್ದೆ ಬರುವುದಿಲ್ಲವೆಂದು ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ದಸರೆಗೆ ಬಂದ ನಿನ್ನ ಪತ್ರಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ. ಬೈಯಬೇಡ. ಕೂಸಿಗೆ ಹಲ್ಲು ಬರುತ್ತಿವೆ, ದಿನ ಬಿಟ್ಟು ದಿನ ಮೈ ಬಿಸಿ. ಇವರಿಗೆ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಈ ತಿಂಗಳೆಲ್ಲ ರಾತ್ರಿ ಪಾಳಿ. ಕೂಸು ಅತ್ತರೆ ಯಾಕೆ ಅತ್ತಿತು ಎಂದು ಹೆದರುತ್ತೇನೆ, ಸುಮ್ಮನಿದ್ದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಬಿ.ಎ. ಓದಿದವಳ ಬುದ್ಧಿ ಇದು! ನೀನೋ, ಜಹೀರಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸುತ್ತಿ. ನನ್ನಿಂದ ಮಾತ್ರ ಪತ್ರವೇ ಬೇಕು ಎನ್ನುತ್ತಿ.

ಹಾಗಾದರೆ ಕೇಳು. ನಾಳೆ ನಿಮ್ಮೂರಲ್ಲಿ ಮೂರೂರಿನ ಕಾಲೇಜುಗಳ ಫುಟ್‌ಬಾಲ್ ಕಪ್ಪಿನ ಫೈನಲ್. ನಾಲ್ಕು ವರ್ಷ ಸತತವಾಗಿ ಕಪ್ಪು ನಿಮ್ಮ ಕಾಲೇಜಿನ ಕಪಾಟಿನಲ್ಲಿ ಕೂತಿದೆ. ಆ ತಂಡವನ್ನು ತಯಾರು ಮಾಡುವ ನಿನ್ನ ಯಜಮಾನ ಕಾಶಿರಾಮ ಮಾಸ್ತರಿಗೆ ಹೇಳು, ಇವತ್ತೇ ಅದರ ಧೂಳು ಒರೆಸಿ ಇಟ್ಟಿರಲಿ. ನಾಳೆ ಸಂಜೆ ತಾಂಡೂರಿನ ಬಸ್ಸು ಹತ್ತುವುದು ಅದು. ಹೋದ ವರ್ಷ ಮೂರು ಗೋಲು ತಿಂದು ಬಂದವರು ಇಷ್ಟು ಮಾತಾಡುತ್ತಾರಲ್ಲ ಎಂದು ನೀನು ನಗುತ್ತಿ, ಗೊತ್ತು. ನಗು. ಗೋಲಿನ ಹಿಂದೆ ನನ್ನ ಜೊತೆ ನಿಂತು ಗಂಟಲು ಹರಿದುಕೊಂಡವಳು ನೀನೇ ತಾನೇ? ಇಡೀ ಮೈದಾನದಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ನೀನು ಗಂಡನ ಮನೆ ಸೇರಿದೆ, ತಂಡವನ್ನೂ ಬದಲಿಸಿದೆ. ಅಡ್ಡಹೆಸರು ಬದಲಾಗಬಹುದು, ತಂಡ ಬದಲಾಗುತ್ತದೆಯೇನೇ?

ಈ ವರ್ಷದ ನಮ್ಮ ಹುಡುಗರನ್ನು ನೀನು ನೋಡಿಲ್ಲ. ಕಾಲೇಜಿನ ಮೈದಾನದಲ್ಲಿ ಕಟ್ಟಡ ಎದ್ದಿತಲ್ಲ, ಅಂದಿನಿಂದ ಕಲ್ಲು ತೆಗೆದು ಬಿಟ್ಟ ಹಳೇ ಗಣಿಯ ತಳದಲ್ಲೇ ಆಟ. ಕೆಳಗೆ ಬರೀ ಬಂಡೆ, ನೀರು ಚೆಲ್ಲಿದಂತೆ ಚೆಂಡು ಓಡುತ್ತದೆ. ಮೇಲಕ್ಕೆ ಹೊಡೆದರೆ ಎಲ್ಲಿ ಪುಟಿಯುತ್ತದೋ ದೇವರಿಗೂ ತಿಳಿಯದು. ಅದಕ್ಕೇ ನೆಲಕ್ಕಂಟಿಸಿ, ಕಾಲಿನಿಂದ ಕಾಲಿಗೆ ಕೊಟ್ಟುಕೊಂಡು ಹೋಗುವುದನ್ನು ಕಲಿತಿದ್ದಾರೆ, ಅದೂ ಬರಿಗಾಲಲ್ಲಿ. ಅಂಥ ಕಾಲುಗಳಿಗೆ ನಿಮ್ಮೂರ ಕೆಂಪು ಮಣ್ಣು ಹಾಸಿಗೆಯಂತೆ. ಈಶಪ್ಪ ಆ ಬಂಡೆಯ ಮೇಲೇ ಮಗ್ಗುಲಿಗೆ ಹಾರಿ ಬೀಳುತ್ತಾನೆ. ಅತ್ತೆಯವರ ಹಳೇ ಕೌದಿ ಕತ್ತರಿಸಿ ಮೊಣಕೈಗೆ, ಮೊಣಕಾಲಿಗೆ ಮೆತ್ತೆ ಹೊಲಿದುಕೊಟ್ಟಿದ್ದೇನೆ. ನಾಲ್ಕು ಬಣ್ಣದ ತೇಪೆ ಕಟ್ಟಿಕೊಂಡು ಗೋಲಿನಲ್ಲಿ ನಿಂತರೆ ಬುಡಬುಡಿಕೆಯವನಂತೆ ಕಾಣುತ್ತಾನೆ. ಕಾಣಲಿ.

ನಾರಾಯಣಖೇಡದ ಪಂದ್ಯಕ್ಕೆ ಕೂಸನ್ನು ಎತ್ತಿಕೊಂಡು ನಾನೇ ಹೋಗಿದ್ದೆ. ಒಂದು ಗೋಲು ನಮ್ಮದು, ಇನ್ನು ಹತ್ತು ನಿಮಿಷ ಬಾಕಿ, ಅವರಿಗೆ ಪೆನಾಲ್ಟಿ ಸಿಕ್ಕಿತು. ಸುತ್ತ ನಿಂತವರು, "ಏ ಕೌದಿ! ಮನಿಗಿ ಹೋಗಿ ಮಕ್ಕೋಲೇ!" ಎಂದು ಕೂಗುತ್ತಿದ್ದರು. ನನ್ನ ಎದೆಯ ಬಡಿತಕ್ಕೆ ಕೂಸು ಎದ್ದು ಅಳತೊಡಗಿತು. ಈಶಪ್ಪ ಕದಲಲೇ ಇಲ್ಲ. ಹೊಡೆಯುವವನ ಕಾಲು ಚೆಂಡಿಗೆ ತಾಗಿದ ಮೇಲೆಯೇ ಎಡಕ್ಕೆ ಉದ್ದಕ್ಕೆ ಚಾಚಿದ. ಬೆರಳ ತುದಿ ತಾಗಿ ಚೆಂಡು ಕಂಬದ ಹೊರಗೆ ಹೋಯಿತು. ಅದುವರೆಗೆ ಬೈಯುತ್ತಿದ್ದ ಕಲ್ಹೇರಿನ ಮುದುಕರೊಬ್ಬರು ಆಟ ಮುಗಿದ ಮೇಲೆ ಬಂದು, ಸುಟ್ಟ ಎಳೆಜೋಳದ ಸೀತನಿ ಅವನ ಕೈಗೆ ಸುರಿದು, "ತಮ್ಮಾ, ನಿಮ್ಮವ್ವ ಏನು ತಿಂದು ಹಡದಾಳೋ!" ಎಂದರು. ನಾನು, "ಅವ್ವ ತೊಗರಿ ಬ್ಯಾಳಿ ತಿಂದಾಳ್ರಿ, ಅಕ್ಕ ಬೈಗಳ ತಿಂದಾಳ" ಎಂದೆ. ಎಲ್ಲರೂ ನಕ್ಕರು. ಉಮಾ, ಮದುವೆಯ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ನಮ್ಮ ನಾಯಕ ಮೊಗಲಪ್ಪನಿಗೆ ಇದು ಕೊನೆಯ ವರ್ಷ. ಚಿಂತೆಯಿಲ್ಲ, ಅವನ ಹಿಂದೆಯೇ ಗಣಿ ಕೆಲಸದವರ ಮಕ್ಕಳು ಇನ್ನೂ ನಾಲ್ವರು ತಯಾರಾಗಿದ್ದಾರೆ. ಈ ಸಲ ಗೆದ್ದರೆ ಇನ್ನೈದು ವರ್ಷ ಕಪ್ಪು ತಾಂಡೂರು ಬಿಟ್ಟು ಕದಲುವುದಿಲ್ಲ, ಬರೆದಿಟ್ಟುಕೋ. ನಮ್ಮ ಮನೆಯವರು ಮಾತ್ರ, "ನಿನ್ನ ತಮ್ಮ ಗೆದ್ದರ ಕಾಲೇಜಿಗಿ ಕಪ್ಪು, ಸೋತರ ನನಗ ಉಪಾಸ" ಎನ್ನುತ್ತಾರೆ.

ಆದರೆ ಕಪ್ಪಿನ ಕಮಿಟಿಯಿಂದ ಬುಧವಾರ ಬಂದ ಕಾಗದದ ವಿಷಯ ನಿನಗೂ ತಿಳಿದಿರಬೇಕು. ಜನವರಿ ಒಂದಕ್ಕೆ ಇಪ್ಪತ್ತೊಂದು ದಾಟಿದವರು ಆಡುವಂತಿಲ್ಲ ಎಂಬುದು ಕಪ್ಪಿನ ನಿಯಮ. ಈಶಪ್ಪನ ಶಾಲೆಯ ದಾಖಲೆಯಲ್ಲಿ ೧–೬–೧೯೬೬ ಎಂದಿದೆ. ಅದರಂತೆ ಅವನಿಗೆ ಏಳು ತಿಂಗಳು ಹೆಚ್ಚು. ನಿನ್ನ ಯಜಮಾನರು ತಕರಾರು ಹಾಕಿದ್ದಾರೆ. ನಾನು ಅವರನ್ನು ದೂರುವುದಿಲ್ಲ. ಕಾಗದದಲ್ಲಿ ಇದ್ದದ್ದನ್ನು ತೋರಿಸಿದ್ದಾರೆ, ಅವರ ತಂಡಕ್ಕೆ ಅವರು ದುಡಿಯಬೇಕಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮೂರಲ್ಲಿ ಕಮಿಟಿ ಕೂಡುತ್ತದೆ. ನಮ್ಮ ಪ್ರಿನ್ಸಿಪಾಲರು ಬಹಳ ಕೇಳಿಕೊಂಡ ಮೇಲೆ ಕಮಿಟಿಯವರು, "ಹುಡುಗನನ್ನು ಶಾಲೆಗೆ ಸೇರಿಸಿದವರು ಬಂದು, ಕಣ್ಣಾರೆ ಕಂಡ ಇನ್ನೊಬ್ಬರ ಜೊತೆ ಸಹಿ ಮಾಡಿ ಆ ತಾರೀಖು ಹೇಗೆ ಬಂತೆಂದು ಬರೆದುಕೊಟ್ಟರೆ ನೋಡೋಣ" ಎಂದಿದ್ದಾರಂತೆ. ಈಶಪ್ಪ, "ಅಪ್ಪನೇ ಸೇರಿಸಿರಬೇಕು, ಅಪ್ಪ ಸತ್ತಾನ. ಹೆಡ್‌ಮಾಸ್ತರೂ ಸತ್ತಾರ. ಇನ್ಯಾರ್ ಬರ್ತಾರ?" ಎನ್ನುತ್ತಾನೆ. ಅವನ ಬದಲು ನಿಲ್ಲುವ ಹುಡುಗನಿಗೆ ಚೆಂಡು ಎದುರು ಬಂದರೆ ಕಣ್ಣು ಮುಚ್ಚುವ ರೂಢಿ. ಆದರೂ ಗೆಲ್ಲುತ್ತೇವೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ಹತ್ತಿರ ಯಾಕೆ ಸುಳ್ಳು? ಅವನಿಲ್ಲದೆ ನಾವು ಗೆಲ್ಲುವುದಿಲ್ಲ.

ತಂಡ ಇವತ್ತು ಹತ್ತರ ಬಸ್ಸಿಗೆ ಹೊರಡುತ್ತದೆ. ಲಕೋಟೆಗೆ ಗಟ್ಟಿಯಾಗಿ ಅಂಟು ಹಾಕಿ ಈಶಪ್ಪನ ಕೈಯಲ್ಲೇ ಕಳಿಸುತ್ತೇನೆ. ಉಮಕ್ಕನ ಮನೆಯ ಊಟ ಎಂದು ಈಗಲೇ ಬಾಯಿ ಚಪ್ಪರಿಸುತ್ತಿದ್ದಾನೆ, ಹೊಟ್ಟೆ ತುಂಬ ಹಾಕು. ನಿನ್ನ ಮಗನಿಗೆ ನನ್ನ ಮುತ್ತು, ಅವನ ಕೆಮ್ಮು ಬೇಗ ಕಡಿಮೆಯಾಗಲಿ. ನಿನ್ನ ಅತ್ತೆಯವರಿಗೆ ಶರಣು. ಕಾಶಿರಾಮ ಮಾಸ್ತರಿಗೆ ಆಯುಷ್ಯ, ಬಡ್ತಿ, ಎಲ್ಲ ಆಟದಲ್ಲೂ ಗೆಲುವು ಸಿಗಲಿ. ನಾಳಿನದೊಂದು ಬಿಟ್ಟು.

ನಿನ್ನ
ಕೌಶಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇದನ್ನು ಒಬ್ಬಳೇ ಇರುವಾಗ ಓದು.

ಸೇರಿಸಿದವರು ಅಪ್ಪನಲ್ಲ. ನಿನಗೆ ಗೊತ್ತು. ಎಪ್ಪತ್ತೊಂದರ ಜೂನ್. ಅವ್ವ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲ, ಐದನೆಯ ಇಯತ್ತೆಗೆ ಸಾಲಿ ಬಿಡು ಎಂದಿದ್ದಳು. ನಾನು ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಶಾಲೆಗೆ ಬಂದೆ. ಹೆಡ್‌ಮಾಸ್ತರು, "ಇದೇನು ಕೂಸು ಆಡಿಸೋ ಜಾಗಾ ಅಂದ್ಕೊಂಡಿಯೇನು? ಹೆಸರು ಹಚ್ಚಿದವರಿಗಷ್ಟೇ ಕೂಡಾಕ ಜಾಗಾ. ಕೈ ತಲಿ ಮ್ಯಾಲಿಂದ ತಂದು ಆ ಕಡಿ ಕಿವಿ ಮುಟ್ಟಸು, ನೋಡಾಮು" ಎಂದರು. ಮುಟ್ಟಿದರೆ ಐದು ವರ್ಷ ತುಂಬಿದೆ ಎಂದು ಲೆಕ್ಕ, ನಮ್ಮನ್ನೆಲ್ಲ ಸೇರಿಸಿಕೊಂಡದ್ದೂ ಹಾಗೆಯೇ. ಈಶಪ್ಪ ಹುಟ್ಟಿದ್ದು ಅರವತ್ತೇಳರ ದೀಪಾವಳಿಗೆ. ಮೂರೂವರೆ ವರ್ಷದ ಕೂಸು, ಬೆರಳು ಕಿವಿಯ ಮೇಲೆ ಎರಡಂಗುಲಕ್ಕೇ ನಿಂತವು. ಆಗ ನೀನು ಪಾಟಿ ಹಿಡಿದು ಅಡ್ಡ ಬಂದೆ. "ಸರ್, ಈ ಲೆಕ್ಕ ಬರೋಬ್ಬರಿ ಅದ ಏನ್ರಿ?" ಎಂದೆ. ಅವರು ಪಾಟಿ ನೋಡುವಷ್ಟರಲ್ಲಿ ನಾನು ಅವನ ತಲೆ ಬಾಗಿಸಿ, ಮೊಣಕೈ ಹಿಡಿದು ಜಗ್ಗಿ ಕಿವಿ ಮುಟ್ಟಿಸಿದೆ. ಅವನು ಅಳಲು ಬಾಯಿ ತೆರೆದ. ಅತ್ತರೆ ಗುಮ್ಮ ಒಯ್ಯುತ್ತದೆ ಎಂದು ಹೆದರಿಸಿದೆ. ಮಾಸ್ತರು ತಿರುಗಿ ನೋಡಿ, "ಆತು, ಮುಟ್ಯಾನ" ಎಂದು, ಐದು ತುಂಬುವ ಲೆಕ್ಕಕ್ಕೆ ಹುಟ್ಟಿದ ತಾರೀಖು ಬರೆದುಕೊಂಡರು.

ಹಾಗೆ ನಾನು ಓದಿದೆ. ಐದು, ಹತ್ತು, ಬಿ.ಎ. ಅವನು ತನಗಿಂತ ದೊಡ್ಡ ಮಕ್ಕಳ ನಡುವೆ ಕೂತು ಒಂದರಲ್ಲಿ ನಪಾಸಾದ, ಮೂರರಲ್ಲಿ ನಪಾಸಾದ. ಮಾಸ್ತರರೆಲ್ಲ "ಮಂದ" ಎಂದು ಹೊಡೆದರು. ಅವ್ವನೂ ಹಾಗೆಯೇ ನಂಬಿ ಸತ್ತಳು. ಬುಧವಾರ ರಾತ್ರಿ ರೊಟ್ಟಿ ಹಾಕುವಾಗ ಒಲೆಯ ಮುಂದೆ ಕೂತು ಅವನು ಹೇಳಿದ: "ಬಿಡಕ್ಕಾ, ಎರಡು ಸಲ ನಪಾಸಾದ ಮಂದ ನಾ. ಎಲ್ಲಾರಕ್ಕಿಂತ ವಯಸ್ಸು ಹೆಚ್ಚಾಗದೇ ಏನಾಗ್ತದ? ತಪ್ಪು ನಂದೇ ಅದ." ನಾನು ಹಿಟ್ಟು ತಟ್ಟುತ್ತಲೇ ಇದ್ದೆ, ಉಮಾ. ಬಾಯಿ ತೆರೆಯಲಿಲ್ಲ.

ನಾಳೆ ಬೆಳಗಿನ ಐದರ ಬಸ್ಸಿಗೆ ಕೂಸನ್ನು ಕಟ್ಟಿಕೊಂಡು ಬರುತ್ತೇನೆ. ನನ್ನ ಸಹಿ ನಾನು ಮಾಡುವವಳೇ. ಎರಡನೆಯ ಸಹಿ ನಿನ್ನದೇ ಆಗಬೇಕು, ಬೇರೆ ಯಾರೂ ಕಂಡಿಲ್ಲ. ಗಂಡನ ತಕರಾರಿಗೆ ಹೆಂಡತಿಯೇ ಅಡ್ಡ ನಿಂತಳೆಂದು ಊರು ನಗುತ್ತದೆ, ಮನೆಯಲ್ಲಿ ಏನಾಗುತ್ತದೋ ಅದೂ ನನಗೆ ತಿಳಿಯದು. ಬೇಡವೆಂದರೆ ಬೇಡ ಎನ್ನು, ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಏನೆಂದರೂ ಹೇಳು. ಶನಿವಾರ ರಾತ್ರಿ ನಿನಗೆ ಡ್ಯೂಟಿಯೆಂದು ನೀನೇ ಬರೆದಿದ್ದೆ. ನಮ್ಮ ಮನೆಯೆದುರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಫೋನಿದೆ, ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಕಾವಲಿನ ಹಣಮಯ್ಯನಿಗೆ ಹೇಳಿ ಅಲ್ಲೇ ಕೂತಿರುತ್ತೇನೆ. ಹುಡುಗರು ಮಲಗುವುದು ನಿಮ್ಮ ಎಕ್ಸ್‌ಚೇಂಜಿನ ಹಿಂದಿನ ಛತ್ರದಲ್ಲೇ. ಈಶಪ್ಪನನ್ನು ಎಬ್ಬಿಸಿ ಕರೆಸು, ಅವನ ಕೈಗೂ ಫೋನು ಕೊಡು. ಕಮಿಟಿಯವರ ಎದುರು ಇದನ್ನು ಅವನು ಮೊದಲ ಸಲ ಕೇಳಬಾರದು. ನೀನು ಮಂದನಲ್ಲ, ಬರೀ ಸಣ್ಣವನಿದ್ದೆ ಎಂದು ನಾನೇ ಅವನಿಗೆ ಹೇಳಬೇಕು. ಎಷ್ಟು ಹೊತ್ತಾದರೂ ಸರಿ. ಕೈ ಮುಗಿಯುತ್ತೇನೆ ಉಮಾ, ಬೆಳಗಾಗುವುದರೊಳಗೆ ಫೋನು ಮಾಡು.