ಇಮ್ಮಾರಲ್ ಎಂದೆ

ಫೆಬ್ರುವರಿ 3, ಮಧ್ಯಾಹ್ನ

ಶೇಂಗಾ ಸುಲಿಯುತ್ತಿದ್ದೆ. ಹಡಗಲಿಯಿಂದ ನಾಗೇಂದ್ರಪ್ಪ ಬಂದ, ಗಂಡಿನ ಸೋದರಮಾವ. ಎದುರು ಮನೆಯ ಉಚ್ಚಂಗೆಮ್ಮನ ಮಗಳು ಕೋಮಲಾಳನ್ನು ಒಪ್ಪಿದ್ದಾರಂತೆ. ಮಾತು ಕೊಡುವ ಮೊದಲು ಓಣಿಯಲ್ಲಿ ವಿಚಾರಿಸಬೇಕಲ್ಲ. ವಿಚಾರಿಸುವವರು ನನ್ನ ಕಟ್ಟೆಗೇ ಬರುತ್ತಾರೆ.

"ಹುಡುಗಿ ಹೆಂಗದಾಳ್ರಿ, ಅಮ್ಮಾರ?"

"ಇಮ್ಮಾರಲ್" ಎಂದೆ.

ನೀರೂ ಕುಡಿಯದೆ ಎದ್ದ. ನಾನು ಹೈಸ್ಕೂಲು ಓದಿದ್ದು ವ್ಯರ್ಥವಾಗಲಿಲ್ಲ.

ಫೆ. 4

ಕೋಮಲಾ ದಿನಾ ಸಂಜೆ ಮಾಳಿಗೆ ಹತ್ತುತ್ತಾಳೆ. ಕೂದಲು ಬಿಚ್ಚಿ, ಫೋನು ಕಿವಿಗಿಟ್ಟು ನಗುತ್ತಾಳೆ. ಬಿಸಿಲು ಇಳಿದರೂ ಆ ನಗು ಇಳಿಯುವುದಿಲ್ಲ... ಹಾಗನ್ನಲು ಇಷ್ಟು ಸಾಕಲ್ಲ.

ಫೆ. 11

ಸಂಬಂಧ ಮುರಿಯಿತು. ಮಾಳಿಗೆ ಖಾಲಿ. ಉಚ್ಚಂಗೆಮ್ಮ ನನ್ನ ಹತ್ತಿರವೇ ಬಂದು ಅತ್ತಳು. "ಯಾರ ಏನ್ ಹಚ್ಚಿದ್ರೋ, ಅಮ್ಮಾರ." ಚಹಾ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಮಂಪರು. ಕನಸೋ ಏನೋ — ಮಾಳಿಗೆ ಮೇಲೆ ನಾನಿದ್ದೆ. ಕೂದಲು ಮೊಣಕಾಲ ತನಕ. ನಮ್ಮ ಹರಪನಹಳ್ಳಿ ಪೂರಾ ಕೆಳಗೆ ಕೆರೆಯ ನೀರಿನ ಹಾಗೆ ಅಲುಗುತ್ತಿತ್ತು. ಎಚ್ಚರವಾದಾಗಲೂ ಬಾಯಿ ನಗುತ್ತಲೇ ಇತ್ತು. ಸೆರಗಿನಿಂದ ಒರೆಸಿಕೊಂಡೆ.

ಫೆ. 12

ಮೊಮ್ಮಗಳು ಪುಷ್ಪಲತಾಳ ಡಿಕ್ಷನರಿ ತೆರೆಸಿದೆ. ಅನೈತಿಕ. ದುರಾಚಾರದ. ನಡತೆಗೆಟ್ಟ. ಕೂದಲು ಬಿಚ್ಚುವುದು ಅದರಲ್ಲಿರಲಿಲ್ಲ. ನಗುವುದೂ ಇರಲಿಲ್ಲ.

"ಈ ವಯಸ್ಸಿನಾಗ ಇಂಥಾ ಶಬ್ದ ಹುಡುಕ್ತಿಯಲ್ಲಬೇ ಅಜ್ಜಿ, ನಾಚಿಕಿ ಬರಂಗಿಲ್ಲೇನು?"

"ಬಾಯಿ ಮುಚ್ಚು. ಇನ್ನೊಂದ್ಸಲ ಓದು."

ಫೆ. 19

ನಾಗೇಂದ್ರಪ್ಪನಿಗೆ ಫೋನು ಮಾಡಿದೆ. ಕಂಡಿದ್ದು ಇಷ್ಟೇ, ಹುಡುಗಿ ನಗುತ್ತಿದ್ದಳು ಎಂದೆ.

"ಅವತ್ತೊಂದಂದ್ರಿ, ಇವತ್ತೊಂದಂತೀರಿ. ಹುಡುಗಿ ಕಡ್ಯಾರು ಬಂದು ಕಾಲು ಹಿಡದ್ರೇನ್ರಿ?"

ಇಟ್ಟುಬಿಟ್ಟ. ನನ್ನ ಮಾತಿಗೆ ಇಷ್ಟು ವರ್ಷ ಯಾರೂ ಹೀಗೆ...

ಫೆ. 20, ಬೆಳಿಗ್ಗೆ 9

ಓಣಿ ದಾಟಿದೆ. ಇಪ್ಪತ್ತು ಹೆಜ್ಜೆ. ನೀರೊಳಗೆ ನಡೆದ ಹಾಗಿತ್ತು. ಉಚ್ಚಂಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೋಮಲಾ ಚಾಪೆ ಹಾಸಿದಳು. ಕೂರಲಿಲ್ಲ.

"ನಿನ್ನ ಸಂಬಂಧ ಕೆಡಿಸಿದಾಕಿ ನಾನ."

ರೊಟ್ಟಿಯ ಸದ್ದು ನಿಂತಿತು.

"ಏನಂದಿದ್ರಿ?" ಕೋಮಲಾ ಕೇಳಿದಳು.

ಆ ಇಂಗ್ಲಿಷ್ ಮಾತನ್ನೇ ಹೇಳಿದೆ. ಸಲೀಸಾಗಿ ಬಂತು.

"ಅವ್ವಗ ಇಂಗ್ಲಿಷ್ ತಿಳಿಯಂಗಿಲ್ರಿ. ಕನ್ನಡದಾಗ ಹೇಳ್ರಿ."

ಉಚ್ಚಂಗೆಮ್ಮ ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡುತ್ತಿದ್ದಳು. ಹೇಳಿದೆ. ಅವಳು ಎದ್ದು, ಕೈಯನ್ನೂ ತೊಳೆಯದೆ ನನ್ನ ಹತ್ತಿರ ಬಂದು ಬಾಗಿಲು ತೋರಿಸಿದಳು.