ಅಫಿಡವಿಟ್ಟಿನ ಮೇಲಿನ ಶಿಲುಬೆ

✝

ವಂದನೀಯ ಗುರುಗಳ ಸನ್ನಿಧಿಗೆ, ಹರಿಹರ.

೧. ಅರ್ಜಿದಾರ: ಇನ್ನಾಸಪ್ಪ, ವಯಸ್ಸು ೭೬, ದಾವಣಗೆರೆ ಕಚೇರಿ ಮುಂದಿನ ಅರ್ಜಿ ಬರಹಗಾರ.
೨. ಸೇವೆ: ತಮ್ಮ ದೇವಾಲಯದ ಪೀಠದ ದೀಪಕ್ಕೆ ಎಣ್ಣೆ ಹಾಕುವುದು.
೩. ಗೈರುಹಾಜರಿ: ಮೂರು ವಾರ.

ಕಾರಣವನ್ನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಮೊಮ್ಮಗಳು ಆಶಾಳ ಕಾಲೇಜು ಸೀಟಿಗೆ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಬೇಕಿತ್ತು; ಕ್ರೈಸ್ತರಿಗೆ ಅದು ಸಿಗದು. ನಮ್ಮ ಮನೆತನ ಎಂದೂ ಕ್ರಿಸ್ತನನ್ನು ನಂಬಿಲ್ಲವೆಂದು ಅಫಿಡವಿಟ್ ಕೊಡಿರೆಂದು ಮಗ ಕೇಳಿದ. ನಾನೇ ಬರೆದೆ. ನೋಟರಿ ಓದಿ ನಕ್ಕರು: "ಅಜ್ಜಾರೆ, ಕ್ರಿಸ್ತ ಗೊತ್ತೇ ಇಲ್ಲ ಅಂತ ಬರ್ದು, ಮ್ಯಾಲೆ ಶಿಲುಬೆ ಹಾಕೀರಲ್ರಿ! ಬ್ಯಾರೆ ಹಾಳ್ಯಾಗ ಬರೀರಿ."

ಬರೆಯುವ ಮುನ್ನ ಹಾಳೆಯ ತಲೆಗೆ ಪುಟ್ಟ ಶಿಲುಬೆ ಹಾಕುವುದು ನನ್ನ ಐವತ್ತು ವರ್ಷಗಳ ರೂಢಿ. ಯಾವ ಕಕ್ಷಿದಾರರೂ ಆಕ್ಷೇಪಿಸಿಲ್ಲ. ಹೊಸ ಹಾಳೆ ತೆಗೆದೆ. ಶಿಲುಬೆಯಿಲ್ಲದೆ ಮೊದಲ ಅಕ್ಷರವೇ ಮೂಡಲಿಲ್ಲ. ಎದ್ದು ಬಂದೆ.

ಅಂದಿನಿಂದ ಮಗ ಮಾತು ಬಿಟ್ಟಿದ್ದಾನೆ. ಆಶಾ ತಟ್ಟೆ ಇಟ್ಟು, ಮುಖ ನೋಡದೆ ಹೋಗುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದೇ. ಸಂಜೆ ಸ್ವಿಚ್ ಒತ್ತಲೂ ಮನಸ್ಸಾಗದೆ ಕತ್ತಲಲ್ಲೇ ಕೂರುತ್ತೇನೆ.

ಸಹಿ ಹಾಕಲಿಲ್ಲ, ನಿಜ. ಆದರೆ ಬರೆದದ್ದು ಈ ಕೈ. ಇದೇ ಕೈಯಿಂದ ದೀಪಕ್ಕೆ ಮತ್ತೆ ಎಣ್ಣೆ ಹಾಕಬಹುದೇ ಎಂಬುದಕ್ಕೆ ಅಪ್ಪಣೆಯಾಗಬೇಕು. ಅಲ್ಲಿಯವರೆಗೆ ಎಣ್ಣೆ ಯಾರು ಹಾಕುತ್ತಿದ್ದಾರೆಂದಾದರೂ ತಿಳಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಧೇಯ,
(ಸಹಿ) ಇನ್ನಾಸಪ್ಪ

ಲಗತ್ತು: ಸಹಿಯಿಲ್ಲದ ಅಫಿಡವಿಟ್, ಒಂದು ಹಾಳೆ, ಶಿಲುಬೆ ಸಹಿತ.