ಜೂನ್ ನಲವತ್ತೇಳನೇ ತಾರೀಖು

ಕಾರವಾರ
ಜೂನ್ ೪೭, ೨೧೯೧

ನೂರೈವತ್ತು ವರ್ಷಕ್ಕೂ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಿಲ್ಲ. ಮೊದಲ ಮಳೆ ಬೀಳುವವರೆಗೆ ನಮ್ಮಲ್ಲಿ ಜೂನ್ ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲಿದ್ದೇನೆ, ಅರ್ಧ ಇಂಗ್ಲಿಷ್‌ನಲ್ಲೇ ಯೋಚಿಸುತ್ತೇನೆ.

ನನ್ನ ಹೆಸರು ನೀಲಾಂಬಿಕೆ. ಕಡಲಗಾವಲು ಶಾಲೆಯಲ್ಲಿ ಫಸ್ಟ್ ಇಯರ್. ಬೆಳಿಗ್ಗೆ ಮೆಸ್‌ನಲ್ಲಿ ಮುಖ ಒರೆಸಿಕೊಳ್ಳಲು ಒಂದು ಒದ್ದೆ ಬಟ್ಟೆ, ಕುಡಿಯಲು ಎರಡು ಲೋಟ ನೀರು ಕೊಡುತ್ತಾರೆ. ಆಮೇಲೆ ನಾವು ತೇಲುಗಣ್ಣುಗಳ ರೀಡಿಂಗ್ ಬರೆದುಕೊಳ್ಳಬೇಕು. ತೇಲುಗಣ್ಣೆಂದರೆ ಸಮುದ್ರದಲ್ಲಿ ತೇಲುತ್ತಾ ನೀರಿನ ಬಿಸಿ ಅಳೆಯುವ ಯಂತ್ರ. ಪೆಸಿಫಿಕ್ ಸಾಗರದ ಪೂರ್ವಭಾಗ ಕಾದರೆ ಗಾಳಿ ಅಲ್ಲಿ ಮೇಲೇರಿ, ಬಹುದೂರ ಬಂದು ನಮ್ಮ ಕಡೆ ಇಳಿಯುತ್ತದೆ. ಆ ಇಳಿಗಾಳಿಯಡಿ ಮೋಡ ಕಟ್ಟುವುದಿಲ್ಲ. ಇದನ್ನು ಫೋನಿನಲ್ಲಿ ವಿವರಿಸಿದಾಗ ಅಮ್ಮ, "ಸಮುದ್ರಕ್ಕ ಜ್ವರ ಬಂದ್ರ ನಮಗ್ಯಾಕವ್ವ ಲಂಘನ?" ಎಂದಿದ್ದಳು.

ಅಮ್ಮ ಕುಷ್ಟಗಿಯ ಕೆರೆ ಕಾಯುವವಳು. ಹದಿನೈದು ದಿನದೊಳಗೆ ಮಳೆ ಖಾತ್ರಿ ಎಂದು ನಮ್ಮ ಶಾಲೆ ಸಾರಿದರೆ ಮಾತ್ರ ಅವಳು ತೂಬು ತೆಗೆದು, ಉಳಿಸಿದ ಕುಡಿಯುವ ನೀರನ್ನು ಬಿತ್ತನೆಗೆ ಬಿಡುತ್ತಾಳೆ. ಹೋದ ವಾರ ಕೇಳಿದಳು: "ಜ್ವರ ಇಳೀತೇನು? ಬೀಜಕ್ಕ ಹುಳ ಹತ್ತಾಕತ್ತೈತಿ, ಲಗೂ ಹೇಳವ್ವ."

ಮರುದಿನ ನಲವತ್ತು ತೇಲುಗಣ್ಣುಗಳಲ್ಲಿ ಮೂರು ವಿಪರೀತ ಬಿಸಿ ತೋರಿಸಿದವು. "ಅವಕ್ಕೆ ಕಡಲಚಿಪ್ಪು ಅಂಟಿ ತಪ್ಪು ತೋರಿಸುತ್ತಿರಬೇಕು ಕಣೇ. ಚೆಕ್ ಮಾಡಿ ಆ ರೀಡಿಂಗ್ ಹೊಡೆದುಹಾಕು," ಎಂದಳು ಸೀನಿಯರ್ ದೀಪ್ತಿ. ನಾನು ಚೆಕ್ ಮಾಡಲಿಲ್ಲ. ಹೊಡೆದುಹಾಕಿದೆ. ಆ ಮೂರೂ ಸುಳ್ಳಾಗಲಿ ಎಂದು ನನಗೆ ಅಷ್ಟು ಆಸೆಯಿತ್ತು. ಮಳೆ ಖಾತ್ರಿ ಎಂದು ಶಾಲೆ ಸಾರಿತು. "ನನ್ನ ಮಗಳ ಹೇಳ್ಯಾಳ" ಎಂದು ಅಮ್ಮ ಓಣಿ ಓಣಿ ತಿರುಗಿ ಹೇಳಿದಳಂತೆ.

ಇವತ್ತು ಮೂವತ್ತೊಂದು ತೇಲುಗಣ್ಣುಗಳು ಅದೇ ಬಿಸಿ ತೋರಿಸುತ್ತಿವೆ. ರೀಡಿಂಗ್ ಪುಸ್ತಕ ನನ್ನ ಕೈಯಲ್ಲಿದೆ, ಇನ್ನೂ ಯಾರೂ ನೋಡಿಲ್ಲ. ನಾಳೆ ಬೆಳಿಗ್ಗೆ ಅಮ್ಮ ತೂಬು ತೆಗೆಯುತ್ತಾಳೆ. ಮಳೆ ಬರುವುದಿಲ್ಲ. ಆಮೇಲೆ ಇಡೀ ಊರು ಏನು ಕುಡಿಯುತ್ತದೆ? ನಿಜ ಹೇಳಿದರೆ ನನ್ನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ; ಊರಿನ ಮುಂದೆ ಅಮ್ಮನ ಮಾತು ಸುಳ್ಳಾಗುತ್ತದೆ.

ನಿಮಗೇ ಏಕೆ ಬರೆದೆನೆಂದರೆ, ನೀವು ನನ್ನನ್ನು ಬೈಯಲಾರಿರಿ. ಮೊದಲ ಸಲ ಹೇಳಲು ಅಂಥವರು ಬೇಕಿತ್ತು. ನಿಮ್ಮ ಸಮುದ್ರದ ಬಿಸಿಯನ್ನು ಇದ್ದದ್ದು ಇದ್ದ ಹಾಗೆ ಬರೆದಿಡಿ, ಹಿರಿಯರೇ. ಎಷ್ಟೇ ಹೆದರಿಕೆಯಾದರೂ ಬರೆದಿಡಿ. ಹೋಲಿಸಿ ನೋಡಲು ನಮಗೆ ಬೇರೇನೂ ಇಲ್ಲ.

ಫೋನ್ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ.

ಅಮ್ಮ ಎತ್ತಿದಳು. ಬರುತ್ತೇನೆ.